ಲೇಹ್‌ಗೆ ಸೈಕಲ್ ಒಯ್ಯುವವಳಿಗೆ ಮಾವನ ಕಿವಿಮಾತು

ಪುಟ್ಟೀ, ನಿಮ್ಮಮ್ಮ ಫೋನ್ ಮಾಡಿದ್ದಳು. ಜುಲೈನಲ್ಲಿ ನೀನೂ ನಿನ್ನ ಇಬ್ಬರು ಗೆಳತಿಯರೂ ಲೇಹ್‌ಗೆ ಹೊರಟಿದ್ದೀರಂತೆ, ಸೈಕಲ್ಲುಗಳೂ ಜೊತೆಯಲ್ಲೇ ವಿಮಾನ ಹತ್ತುತ್ತವಂತೆ. ಕೇಳಿ ತುಂಬ ಸಂತೋಷವಾಯಿತು. ನೀನು ಕಳಿಸಿದ ಕಾರ್ಯಕ್ರಮದ ಪಟ್ಟಿಯನ್ನೂ ನೋಡಿದೆ. ಆರಿಸಿಕೊಂಡ ದಾರಿಗಳೆಲ್ಲ ಚೆನ್ನಾಗಿವೆ. ನಡುವೆ ಬಿಟ್ಟಿರುವ ದಿನಗಳು ಮಾತ್ರ ಸಾಲವು. ಇಳಿದ ಮೂರನೇ ದಿನವೇ ಖರ್ದುಂಗ್ ಲಾ ಕಣಿವೆಮಾರ್ಗ ಅಂತ ಬರೆದಿದ್ದೀಯ. ಅದನ್ನು ಹೊಡೆದುಹಾಕಿ ಪಟ್ಟಿಯ ಕೊನೆಗೆ ಬರೆ. ಲೇಹ್‌ನಲ್ಲಿ ಇವತ್ತು ಯಾವ ದಾರಿ ಹಿಡಿಯಬೇಕೆಂದು ಹೇಳುವುದು ನಿನ್ನೆ ರಾತ್ರಿ ಬಂದ ನಿದ್ದೆ ಮತ್ತು ಬೆಳಿಗ್ಗೆ ಆದ ಹಸಿವು. ಆ ಎರಡನ್ನೂ ವಿಚಾರಿಸಿಕೊಂಡು ಹೊರಟರೆ ಸಿಂಧೂ ಕಣಿವೆಯಷ್ಟು ಚೆಂದದ ಸೈಕಲ್ ದಾರಿ ನಾನು ಬೇರೆ ಕಂಡಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಬರೆದೇ ಕಳಿಸುತ್ತಿದ್ದೇನೆ.

• ಲೇಹ್ ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಮೇಲೆ. ಅಲ್ಲಿನ ವಾಯುಭಾರ ಕಡಲತೀರದ ಮೂರರಲ್ಲಿ ಎರಡು ಪಾಲಿನಷ್ಟೇ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅಷ್ಟೇ ಇದ್ದರೂ ಒತ್ತಡ ಇಳಿದಿರುವುದರಿಂದ ಒಂದೊಂದು ಉಸಿರಿಗೂ ಸಿಗುವುದು ಕಡಿಮೆ. ಖರ್ದುಂಗ್ ಲಾ ತುದಿಯಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನೀನು ವಾರಕ್ಕೆ ಮೂರು ಸಲ ಚಾಮುಂಡಿ ಬೆಟ್ಟ ಹತ್ತುತ್ತೀಯ, ನಂದಿಗೆ ಹೋಗಿಬರುತ್ತೀಯ, ಮುಳ್ಳಯ್ಯನಗಿರಿಯನ್ನೂ ತುಳಿದಿದ್ದೀಯ. ಅದೆಲ್ಲ ಕಾಲಿಗೆ, ಎದೆಗೆ ಒಳ್ಳೆಯ ಸಾಧನೆ. ಆದರೆ ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರಕ್ಕೆ ರಕ್ತ ಒಗ್ಗುವ ಕೆಲಸ ಇಲ್ಲಿ ಶುರುವೂ ಆಗುವುದಿಲ್ಲ. ಗಟ್ಟಿಮುಟ್ಟಾಗಿರುವವರನ್ನು ಎತ್ತರದ ಕಾಯಿಲೆ ಬಿಡುತ್ತದೆ ಅನ್ನುವುದು ಸುಳ್ಳು. ಕಸುವಿರುವವರು ಬೇಗ ಬೇಗ ಮೇಲೇರುತ್ತಾರೆ, ಆದ್ದರಿಂದ ಅವರೇ ಹೆಚ್ಚು ಸಿಕ್ಕಿಬೀಳುತ್ತಾರೆ.

• ಮೊದಲ ಎರಡು ದಿನ ಸೈಕಲ್ ಪೆಟ್ಟಿಗೆಯಲ್ಲೇ ಇರಲಿ. ಬಿಚ್ಚಿ ಜೋಡಿಸುವುದೂ ಬೇಡ. ಪೆಡಲ್ ಬಿಗಿಯುವಾಗಲೇ ಏದುಸಿರು ಬರುತ್ತದೆ. ಮೊದಲ ದಿನ ಮಲಗು, ಕೂರು, ನೀರು ಕುಡಿ. ಎರಡನೆಯ ದಿನ ಪೇಟೆಬೀದಿಯಲ್ಲಿ ನಿಧಾನವಾಗಿ ಅಡ್ಡಾಡು, ಚಂಗ್‌ಸ್ಪಾ ಓಣಿಯಲ್ಲಿ ನಡೆ. ಅರಮನೆಯ ಮೆಟ್ಟಿಲು, ಶಾಂತಿಸ್ತೂಪದ ಮೆಟ್ಟಿಲು ಎರಡನ್ನೂ ಮುಂದಕ್ಕೆ ಹಾಕು. ಸ್ನಾನಕ್ಕೆ ಬಿಸಿನೀರು ಇದ್ದರೂ ಮೊದಲ ದಿನ ತಲೆಗೆ ಹಾಕಿಕೊಳ್ಳಬೇಡ, ನೆಗಡಿ ಹಿಡಿದರೆ ಅಲ್ಲಿ ಬೇಗ ಬಿಡುವುದಿಲ್ಲ.

• ವಿಮಾನ ಬೆಳಿಗ್ಗೆಯೇ ಇಳಿಯುತ್ತದೆ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಏಳುವುದರಿಂದ ಅಲ್ಲಿನ ಹೆಚ್ಚಿನ ವಿಮಾನಗಳು ಅದಕ್ಕೆ ಮುಂಚೆಯೇ ಬಂದು ಹೋಗುತ್ತವೆ. ಎಡಬಲದ ಬೆಟ್ಟಗಳನ್ನು ಕಿಟಕಿಯಿಂದ ನೋಡುವಾಗ ಒಂದು ವಿಷಯ ನೆನಪಿಟ್ಟುಕೋ. 1948ರ ಮೇ 24ರಂದು ಮೆಹರ್ ಸಿಂಗ್ ಎಂಬ ವಾಯುಪಡೆಯ ಅಧಿಕಾರಿ ಮೊತ್ತಮೊದಲು ಡಕೋಟಾ ವಿಮಾನವನ್ನು ಲೇಹ್‌ನಲ್ಲಿ ಇಳಿಸಿದರು. ಆ ನೆಲವನ್ನು ಹದಮಾಡಿಸಿದವರು ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬು. ವಿಮಾನದಲ್ಲಿ ಮೆಹರ್ ಸಿಂಗ್ ಜೊತೆಗಿದ್ದವರು ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು. ಮಡಿಕೇರಿಯ ಸನ್ನಿಸೈಡ್ ಮನೆಗೆ ನಾವೆಲ್ಲ ಹೋಗಿದ್ದೆವಲ್ಲ, ಅದೇ ತಿಮ್ಮಯ್ಯ. ನೊರ್ಬು ಅವರ ಹೆಸರಿನಲ್ಲೇ ಲೇಹ್‌ನ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಅದು ಎಲ್ಲಿದೆ ಅಂತ ಎರಡನೆಯ ದಿನದ ಅಡ್ಡಾಟದಲ್ಲೇ ನೋಡಿಟ್ಟುಕೊಳ್ಳಿ, ಮೂವರೂ.

• ಈ ಲಕ್ಷಣಗಳನ್ನು ಬಾಯಿಪಾಠ ಮಾಡು. ತಲೆನೋವು, ಓಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು, ವಿಪರೀತ ಸುಸ್ತು: ಇವು ದೇಹ ಇನ್ನೂ ಒಗ್ಗಿಲ್ಲ ಎಂಬುದರ ಗುರುತು. ಆ ದಿನ ಮೇಲಕ್ಕೆ ಹೋಗಬಾರದು. ಸುಮ್ಮನಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಎರಡಿವೆ. ಒಂದು ಶ್ವಾಸಕೋಶದಲ್ಲಿ ನೀರು ತುಂಬುವುದು: ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಎದೆಯಲ್ಲಿ ಗೊರಗೊರ, ತುಟಿ ಉಗುರು ನೀಲಿ. ಇನ್ನೊಂದು ಮಿದುಳು ಊದಿಕೊಳ್ಳುವುದು: ಮಾತು ತೊದಲುವುದು, ಗಲಿಬಿಲಿ, ನಡಿಗೆ ತಪ್ಪುವುದು. ಅನುಮಾನ ಬಂದರೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತ ನೆಟ್ಟಗೆ ಹತ್ತು ಹೆಜ್ಜೆ ನಡೆಯಲು ಹೇಳಬೇಕು. ವಾಲಿದರೆ ಬೆಳಗಾಗುವವರೆಗೆ ಕಾಯುವ ಮಾತೇ ಇಲ್ಲ, ಅದೇ ರಾತ್ರಿ ಆಸ್ಪತ್ರೆ. ಈ ಸ್ಥಿತಿಯಲ್ಲಿರುವವರು ತಮಗೇನೂ ಆಗಿಲ್ಲ ಅನ್ನುತ್ತಾರೆ. ಆದ್ದರಿಂದ ಮೂವರೂ ಒಬ್ಬರನ್ನೊಬ್ಬರು ಬೆಳಿಗ್ಗೆ ಸಂಜೆ ಗಮನಿಸಬೇಕು; ಗೆಳತಿ "ಇವತ್ತು ನಿನಗೆ ಬೇಡ" ಅಂದರೆ ವಾದ ಮಾಡಬಾರದು.

• ಬೇರೆ ಗಿರಿಪಟ್ಟಣಗಳಲ್ಲಿ ಮೈ ಹದಗೆಟ್ಟರೆ ಜೀಪು ಹತ್ತಿ ಕೆಳಗಿಳಿದುಬಿಡಬಹುದು. ಲೇಹ್‌ನಲ್ಲಿ ಆ ಅನುಕೂಲ ಇಲ್ಲ. ಮನಾಲಿ ಕಡೆಗೆ ಹೋದರೆ 5,300 ಮೀಟರ್ ದಾಟುವ ತಂಗ್ಲಂಗ್ ಲಾ ಎದುರಾಗುತ್ತದೆ, ಶ್ರೀನಗರದ ಕಡೆಗೆ 4,108 ಮೀಟರಿನ ಫೋಟು ಲಾ. ರಸ್ತೆಯಲ್ಲಿ ಇಳಿಯುವುದಾದರೆ ಸಿಂಧೂ ಹರಿವಿನ ಜೊತೆ ಖಾಲ್ಸಿಯವರೆಗೆ. ಅದೂ 3,000 ಮೀಟರ್ ಆಸುಪಾಸು. ನಿಜವಾಗಿ ಕೆಳಗಿಳಿಯಬೇಕೆಂದರೆ ವಿಮಾನವೇ ಗತಿ, ಅದು ಹವೆ ಸರಿಯಿದ್ದರೆ ಮಾತ್ರ. ಲೇಹ್‌ನಲ್ಲಿ ಇಷ್ಟು ಜೋಪಾನ ಯಾಕೆ ಅನ್ನುವುದಕ್ಕೆ ಇದೇ ಕಾರಣ.

• ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಮಾಕ್ಸ್ ಮಾತ್ರೆಯ ಬಗ್ಗೆ ಹೊರಡುವ ಮುಂಚೆ ನಮ್ಮ ಡಾಕ್ಟರ ಹತ್ತಿರ ಮಾತಾಡು. ಸಲ್ಫಾ ಔಷಧಿ ಒಗ್ಗದವರಿಗೆ ಅದು ಆಗುವುದಿಲ್ಲ. ತೆಗೆದುಕೊಂಡರೆ ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದ್ದದ್ದೇ, ಹೆದರಬೇಡ. ಆದರೆ ಮಾತ್ರೆ ನುಂಗಿದ ಮಾತ್ರಕ್ಕೆ ಮೂರನೇ ದಿನ ಕಣಿವೆಮಾರ್ಗ ಹತ್ತಬಹುದು ಅಂತ ಲೆಕ್ಕ ಹಾಕಬೇಡ. ನಿದ್ದೆ ಮಾತ್ರೆ ಖಂಡಿತ ಬೇಡ.

• ಮೂರನೆಯ ದಿನ ಗಾಡಿ ಜೋಡಿಸಿ ಪೇಟೆಯ ಸುತ್ತಲೇ ತುಳಿ. ಸಂಕರ್ ಗೊಂಪಾ (ಬೌದ್ಧ ವಿಹಾರ) ಕಡೆ ಹೋಗಿ ಬಾ. ಮೈ ಹಗುರವಾಗಿದ್ದರೆ ಶಾಂತಿಸ್ತೂಪದ ಡಾಂಬರು ರಸ್ತೆ ಹತ್ತು. ಪೂರ್ತಿ ಸಣ್ಣ ಗಿಯರಿನಲ್ಲಿ ಹತ್ತಬೇಕು. ಪಕ್ಕದವಳ ಜೊತೆ ಒಂದು ಪೂರ್ತಿ ವಾಕ್ಯ ಆಡಲಾಗದಷ್ಟು ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಇದೊಂದು ಅಳತೆ ಹೋಗುವ ದಾರಿಗೆಲ್ಲ ಸಾಕು, ಕೈಗಡಿಯಾರದ ಅಂಕಿ ನೋಡುವ ಅಗತ್ಯವಿಲ್ಲ.

• ಲೇಹ್‌ನ ನೆಲದ ಗುಣ ತಿಳಿದುಕೋ. ಪೇಟೆ ಇರುವುದು ಸಿಂಧೂ ನದಿಯಿಂದ ಮೇಲೆ, ಪಕ್ಕದ ಕಣಿವೆಯ ಏರಿನಲ್ಲಿ. ವಿಮಾನ ನಿಲ್ದಾಣದ ಎತ್ತರ 3,256 ಮೀಟರ್. ಪೇಟೆ ಅದಕ್ಕಿಂತ ಹೆಚ್ಚುಕಡಿಮೆ ಇನ್ನೂರೈವತ್ತು ಮೀಟರ್ ಮೇಲಿದೆ. ಅಂದರೆ ಹೊಳೆದಂಡೆಯ ಯಾವ ಸವಾರಿ ಹೋದರೂ ಬೆಳಿಗ್ಗೆ ಸೊಗಸಾಗಿ ಇಳಿಯುತ್ತೀಯ, ಸಂಜೆ ಸುಸ್ತಾದ ಮೇಲೆ ಆ ಇನ್ನೂರೈವತ್ತು ಮೀಟರ್ ಹತ್ತಲೇಬೇಕು. ನೀರಿನಲ್ಲಿ ಅರ್ಧ ಬಾಟಲಿ, ತಿಂಡಿಯಲ್ಲಿ ಒಂದು ಪಾಲು ಆ ಕೊನೆಯ ಏರಿಗೆಂದೇ ಎತ್ತಿಡು.

• ಗಾಳಿಯ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಬೆಳಗ್ಗೆ ಕಣಿವೆ ಶಾಂತವಾಗಿರುತ್ತದೆ. ಬಿಸಿಲೇರಿ ಬೆಟ್ಟಗಳು ಕಾದ ಮೇಲೆ ಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಸಿಂಧೂ ಕಣಿವೆಯಲ್ಲಿ ಅದು ಸಾಮಾನ್ಯವಾಗಿ ಪಡುವಲಿಂದ ಮೂಡಲಿಗೆ. ಹೀಗಾಗಿ ಮೂಡಲ ಕಡೆಯ ಶೇ, ಥಿಕ್ಸೆಗೆ ಹೋದರೆ ವಾಪಸು ಬರುವಾಗ ಗಾಳಿ ಮುಖಕ್ಕೇ ಹೊಡೆಯುತ್ತದೆ, ಮಧ್ಯಾಹ್ನದೊಳಗೆ ಮರಳಿಬಿಡಬೇಕು. ಪಡುವಲ ಕಡೆಯ ನಿಮ್ಮೂ ಹಳ್ಳಿಗೆ ಹೋದರೆ ಬೆಳಿಗ್ಗೆ ನಿಶ್ಚಲ ಗಾಳಿಯಲ್ಲಿ ಹೋಗಿ, ಊಟ ಮಾಡಿ, ಬೆನ್ನಿಗೆ ಗಾಳಿ ಹಾಕಿಸಿಕೊಂಡು ಬರಬಹುದು. ಆರು ಗಂಟೆಗೆ ಹೊರಟವರಿಗೂ ಒಂಬತ್ತಕ್ಕೆ ಹೊರಟವರಿಗೂ ಅಲ್ಲಿ ಒಂದೇ ದಾರಿ ಬೇರೆ ಬೇರೆ ದಾರಿಯಾಗುತ್ತದೆ.

• ಮೊದಲ ಉದ್ದದ ಸವಾರಿಗೆ ಥಿಕ್ಸೆ ಸುತ್ತನ್ನೇ ಇಟ್ಟುಕೋ, ನಾಲ್ಕನೇ ಅಥವಾ ಐದನೇ ದಿನ. ಚೊಗ್ಲಮ್‌ಸರ್‌ಗೆ ಇಳಿದು ಹೆದ್ದಾರಿ ಹಿಡಿದರೆ ಶೇ ಹದಿನೈದು ಕಿ.ಮೀ., ಥಿಕ್ಸೆ ಇನ್ನೊಂದು ನಾಲ್ಕು. ಶೇ ಹಿಂದೆ ಲಡಾಖಿನ ರಾಜಧಾನಿಯಾಗಿದ್ದ ಊರು. ಥಿಕ್ಸೆಯಲ್ಲಿ ಗುಡ್ಡದ ಮೈಗೆ ಒಂದರ ಮೇಲೊಂದು ಅಂತಸ್ತಾಗಿ ಕಟ್ಟಿದ ಗೊಂಪಾ ಇದೆ. ಒಳಗಿನ ಮೈತ್ರೇಯ ಬುದ್ಧ ಎರಡು ಮಹಡಿ ಎತ್ತರ. ಎಲ್ಲರೂ ಅಲ್ಲಿಂದ ಬಂದ ರಸ್ತೆಯಲ್ಲೇ ವಾಪಸು ಬರುತ್ತಾರೆ. ನೀನು ಹಾಗೆ ಮಾಡಬೇಡ. ಇನ್ನೂ ಸ್ವಲ್ಪ ಮುಂದೆ ಹೋಗಿ ಸ್ಟಕ್ನಾ ಹತ್ತಿರದ ಸೇತುವೆ ದಾಟು, ಆಚೆ ದಡದಲ್ಲಿ ಮಾಥೋ, ಅಲ್ಲಿಂದ ಸ್ಟೋಕ್, ಮತ್ತೆ ಸೇತುವೆ ದಾಟಿ ಚೊಗ್ಲಮ್‌ಸರ್. ಎಲ್ಲ ಸೇರಿ ಐವತ್ತು ಕಿ.ಮೀ. ಮೇಲಾಗುತ್ತದೆ. ಹೆದ್ದಾರಿಯ ಲಾರಿ, ಟ್ಯಾಕ್ಸಿಗಳೆಲ್ಲ ಈಚೆ ದಡದಲ್ಲೇ ಉಳಿಯುತ್ತವೆ. ಆಚೆ ದಡದಲ್ಲಿ ಬಾರ್ಲಿ ಹೊಲ, ವಿಲೋ ಮರ, ನೀರಿನ ಕಾಲುವೆ, ಕಲ್ಲುಮಣ್ಣಿನ ಒಳದಾರಿ. ಎದುರಿಗೆ ದೂರದಲ್ಲಿ ಲೇಹ್ ಇಡಿಯಾಗಿ ಕಾಣುತ್ತದೆ. ಸ್ಟೋಕ್‌ನಲ್ಲಿ ಲಡಾಖಿನ ಹಳೆಯ ರಾಜಮನೆತನದ ಅರಮನೆ ಇದೆ, ಅಲ್ಲಿ ಚಹಾ ಕುಡಿದು ಕಾಲು ಚಾಚಿ ಕೂರು. ನನ್ನನ್ನು ಕೇಳಿದರೆ ಲೇಹ್‌ಗೆ ಹೋದವರು ಒಂದೇ ಒಂದು ಸವಾರಿ ಮಾಡುವುದಾದರೆ ಇದನ್ನೇ ಮಾಡಬೇಕು. ಫೋಟೋದಲ್ಲಿ ಹೇಳಿಕೊಳ್ಳುವ ಎತ್ತರದ ಫಲಕ ಇಲ್ಲಿ ಸಿಗುವುದಿಲ್ಲ, ಆದರೆ ಲಡಾಖಿನ ಜನ ಹೇಗೆ ಬದುಕುತ್ತಾರೆ ಅನ್ನುವುದು ಸೈಕಲ್ಲಿನ ವೇಗಕ್ಕೆ ಸರಿಯಾಗಿ ಕಾಣುತ್ತದೆ.

• ಅರ್ಧ ದಿನ ಮಾತ್ರ ಇದ್ದರೆ ಸಾಬೂ ಹಳ್ಳಿಗೆ ಹೋಗಿ ಬಾ, ಅಥವಾ ವಿಮಾನ ನಿಲ್ದಾಣದ ಪಕ್ಕದ ಸ್ಪಿಟುಕ್ ಗೊಂಪಾಕ್ಕೆ.

• ಸ್ಪಿಟುಕ್‌ನಲ್ಲಿ ಸಿಂಧೂ ದಾಟಿ ಎಡದಂಡೆಯಲ್ಲಿ ಝಿಂಗ್‌ಚೆನ್ ಕಮರಿಯವರೆಗೆ ಒಂದು ದಾರಿ ಹೋಗುತ್ತದೆ. ಸುಂದರವಾಗಿದೆ, ವಾಹನ ಕಡಿಮೆ. ಆದರೆ ಮಧ್ಯೆ ನೆರಳು ಅನ್ನುವುದೇ ಇಲ್ಲ, ಅಂಗಡಿಯೂ ಇಲ್ಲ. ಮೂರು ಲೀಟರ್ ನೀರು ಬೆನ್ನಿಗಿಲ್ಲದೆ ಆ ಕಡೆ ತಿರುಗಬೇಡ. ಮುಂದೆ ಹೆಮಿಸ್ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ. ಅಲ್ಲಿಂದಾಚೆ ಹಿಮಚಿರತೆಯ, ನೀಲಿಕುರಿಯ ಸೀಮೆ. ಅದು ನಡೆದು ಹೋಗುವವರ ದಾರಿ, ಸೈಕಲ್ ಅಲ್ಲಿಗೇ ನಿಲ್ಲಲಿ.

• ಒಂದು ವಾರ ಕಳೆದ ಮೇಲೆ ಪಡುವಲಿಗೆ ಹೊರಡಿ, ಮೂರು ದಿನದ ಬಟ್ಟೆ ಕಟ್ಟಿಕೊಂಡು. ಮೊದಲ ದಿನ ಶ್ರೀನಗರ ಹೆದ್ದಾರಿಯಲ್ಲಿ ಪತ್ಥರ್ ಸಾಹಿಬ್ ಗುರುದ್ವಾರ, ಮ್ಯಾಗ್ನೆಟಿಕ್ ಹಿಲ್ ದಾಟಿ ನಿಮ್ಮೂ. ಆ ಮ್ಯಾಗ್ನೆಟಿಕ್ ಹಿಲ್ ಕಣ್ಣಿನ ಮೋಸ ಅಷ್ಟೇ: ಏರಿನಂತೆ ಕಾಣುವ ರಸ್ತೆ ನಿಜವಾಗಿ ಇಳಿಜಾರು. ಕಾರಿನಲ್ಲಿ ಕೂತವರು ಬೆರಗಾಗುತ್ತಾರೆ, ಪೆಡಲ್ ಮೇಲಿರುವ ಕಾಲಿಗೆ ಸತ್ಯ ಗೊತ್ತಾಗುತ್ತದೆ. ನಿಮ್ಮೂ ಹತ್ತಿರ ಝನ್‌ಸ್ಕಾರ್ ಬಂದು ಸಿಂಧೂವಿಗೆ ಸೇರುತ್ತದೆ, ಲೇಹ್‌ನಿಂದ ಸುಮಾರು 35 ಕಿ.ಮೀ. ಎರಡು ನದಿಯ ಎರಡು ಬಣ್ಣ ಸ್ವಲ್ಪ ದೂರ ಬೆರೆಯದೆ ಹೋಗುವುದನ್ನು ಮೇಲಿನ ರಸ್ತೆಯಿಂದಲೇ ನೋಡು. ಅಲ್ಲಿಂದ ಬಸ್ಗೋ, ಸಸ್ಪೋಲ್, ಸೇತುವೆ ದಾಟಿ ಆಲ್ಚಿ. ಆಲ್ಚಿ ಲೇಹ್‌ಗಿಂತ ತಗ್ಗಿನಲ್ಲಿದೆ, ಅಲ್ಲಿ ಮಲಗಿದ ರಾತ್ರಿ ನಿದ್ದೆ ಎಷ್ಟು ಚೆನ್ನಾಗಿ ಬರುತ್ತದೆ ನೋಡು. ಆಲ್ಚಿಯ ಸುಮ್‌ತ್ಸೆಕ್ ಗುಡಿಯ ಗೋಡೆಗಳ ಮೇಲೆ ಎಂಟುನೂರು ವರ್ಷ ಹಿಂದಿನ ಚಿತ್ರಗಳಿವೆ. ಒಳಗೆ ಫೋಟೋ ತೆಗೆಯಬಾರದು. ಟಾರ್ಚ್ ಕೂಡ ಹಿತಮಿತವಾಗಿ ಹಾಕು, ಬಣ್ಣ ಬೆಳಕಿಗೆ ಕೆಡುತ್ತದೆ.

ಎರಡನೆಯ ದಿನ ಬಂದ ದಾರಿಯಲ್ಲಿ ಸ್ವಲ್ಪ ಹಿಂದೆ ಬಂದು ಲಿಕಿರ್ ಕಡೆ ಮೇಲೆ ಹತ್ತಿ, ಯಂಗ್‌ಥಂಗ್, ಹೆಮಿಸ್ ಶುಕ್ಪಾಚನ್. ನಡುವಿನ ದಿಬ್ಬಗಳು ಯಾವುವೂ 4,000 ಮೀಟರ್ ಮುಟ್ಟುವುದಿಲ್ಲ, ಆದರೆ ಹತ್ತಿ ಇಳಿದು ಹತ್ತಿ ಇಳಿದು ಕಾಲು ಸೋಲುತ್ತದೆ. ಹಳ್ಳಿಯ ಮನೆಗಳಲ್ಲಿ ಉಳಿಯಲು ಜಾಗ ಕೊಡುತ್ತಾರೆ, ಮನೆಯವರ ಜೊತೆ ಅಡುಗೆಮನೆಯಲ್ಲೇ ಕೂತು ಊಟ. ಮೂರನೆಯ ದಿನ ತೆಮಿಸ್‌ಗಮ್‌ಗೆ ಹೋಗಿ ನುರ್ಲಾ ಹತ್ತಿರ ಮತ್ತೆ ಹೆದ್ದಾರಿಗೆ ಇಳಿ. ಅಲ್ಲಿಂದ ಲೇಹ್‌ಗೆ ಪೂರ್ತಿ ತುಳಿಯುವ ಹಟ ಬೇಡ. ಬಾಡಿಗೆ ಗಾಡಿಯ ಮೇಲೆ ಸೈಕಲ್ ಕಟ್ಟಿಸಿಕೊಂಡು ಬಾ.

• ಖರ್ದುಂಗ್ ಲಾ. ಬಹಳ ಕಾಲ ಅಲ್ಲಿನ ಫಲಕದಲ್ಲಿ 5,602 ಮೀಟರ್ ಅಂತ ಬರೆದಿತ್ತು. ಸರಿಯಾದ ಅಳತೆ 5,359. ಲೇಹ್‌ನಿಂದ ದೂರ ನಲವತ್ತು ಕಿ.ಮೀ. ಒಳಗೇ, ಆದರೆ ಏರು 1,800 ಮೀಟರಿಗಿಂತ ಹೆಚ್ಚು. ಇದನ್ನು ಎರಡು ಕಂತಿನಲ್ಲಿ ಮಾಡು. ಮೊದಲು ಒಂದು ದಿನ ಗಂಗ್ಲೆಸ್ ದಾಟಿ ಸೌತ್ ಪುಲ್ಲುವಿನವರೆಗೆ ಮಾತ್ರ, 24 ಕಿ.ಮೀ. ಅಲ್ಲಿ ಸ್ವಲ್ಪ ಹೊತ್ತು ಕೂತು ವಾಪಸು ಇಳಿದು ಲೇಹ್‌ನಲ್ಲೇ ಮಲಗು. ಹಗಲು ಮೇಲೆ ಹತ್ತುವುದು, ರಾತ್ರಿ ಕೆಳಗೆ ಮಲಗುವುದು ದೇಹಕ್ಕೆ ಒಳ್ಳೆಯದು. ಅವತ್ತು ರಾತ್ರಿ ತಲೆನೋವಿಲ್ಲದೆ ನಿದ್ದೆ ಬಂದರೆ, ನಡುವೆ ಒಂದು ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಂಡು ತುದಿಗೆ ಹೊರಡು. ಬೆಳಗಿನ ಜಾವವೇ ಪೆಡಲ್ ಮೇಲೆ ಕಾಲಿಡಬೇಕು. ಪುಲ್ಲುವಿನಿಂದ ಮೇಲೆ ಹಿಮ ಕರಗಿದ ನೀರು ರಸ್ತೆಯ ಮೇಲೆ ಹರಿದು ಡಾಂಬರು ಕಿತ್ತಿರುತ್ತದೆ, ರಿಪೇರಿ ಆಗುತ್ತಲೇ ಇರುತ್ತದೆ. ಅಲ್ಲಿ ಇಳಿದು ತಳ್ಳಿದರೆ ಅವಮಾನವೇನಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದೀಯೋ ಅಲ್ಲಿಂದ ತಿರುಗಿಬಿಡು. ಈ ಗಡುವನ್ನು ಹೊರಡುವ ಮುಂಚೆಯೇ ಮೂವರೂ ಒಪ್ಪಿಕೊಂಡಿರಬೇಕು, ಮೇಲೆ ಹೋದ ಮೇಲೆ ಮನಸ್ಸು ಒಪ್ಪುವುದಿಲ್ಲ. ತುದಿಯಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡ.

• ಜೀಪಿನಲ್ಲಿ ಸೈಕಲ್ ಏರಿಸಿಕೊಂಡು ಹೋಗಿ ಖರ್ದುಂಗ್ ಲಾದಿಂದ ಬರೀ ಇಳಿದು ಬರುವ ಏರ್ಪಾಟು ಲೇಹ್‌ನಲ್ಲಿ ಮಾಡಿಕೊಡುತ್ತಾರೆ. ಗೆಳತಿಯರಲ್ಲಿ ಯಾರಿಗಾದರೂ ಹತ್ತಲು ಆಗದಿದ್ದರೆ ಹಾಗೆ ಬರಲಿ, ಅದೂ ಒಳ್ಳೆಯ ಸವಾರಿಯೇ. ಆದರೆ ಅದನ್ನೂ ವಾರ ಕಳೆದ ಮೇಲೆಯೇ ಮಾಡಬೇಕು. ಜೀಪಿನಲ್ಲಿ ಹೋದರೂ ಎತ್ತರ ಎತ್ತರವೇ, ಹತ್ತುವ ವೇಗ ಇನ್ನೂ ಹೆಚ್ಚು.

• ಇಳಿಯುವುದು ಹತ್ತುವುದಕ್ಕಿಂತ ಅಪಾಯ. ಒಂದೇ ಸಮನೆ ಬ್ರೇಕ್ ಹಿಡಿದುಕೊಂಡೇ ಬಂದರೆ ಪ್ಯಾಡು, ಡಿಸ್ಕು ಕಾದು ಹಿಡಿತ ಬಿಡುತ್ತದೆ. ರಿಮ್ ಬ್ರೇಕಾದರೆ ಟ್ಯೂಬೇ ಒಡೆಯಬಹುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿ, ನೇರದಲ್ಲಿ ಬಿಡು. ತಿರುವಿನ ಒಳಗೆ ಜಲ್ಲಿ ಸೇರಿರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಬೀಳುವುದು ಖಚಿತ. ಗೆಳತಿಯರಲ್ಲಿ ಯಾರಾದರೂ ಅಲ್ಲಿ ಬಾಡಿಗೆ ಸೈಕಲ್ ತೆಗೆದುಕೊಳ್ಳುವುದಾದರೆ ಅವಳಿಗೂ ಹೇಳು: ಗಿಯರ್ ಸ್ವಲ್ಪ ತೊಂದರೆ ಕೊಟ್ಟರೂ ನಡೆಯುತ್ತದೆ, ಬ್ರೇಕ್ ಮಾತ್ರ ಅಂಗಡಿ ಮುಂದಿನ ಇಳಿಜಾರಿನಲ್ಲೇ ಪರೀಕ್ಷೆ ಮಾಡಿ ತೆಗೆದುಕೊಳ್ಳಬೇಕು.

• ಹತ್ತುವಾಗ ಬೆವರು, ಇಳಿಯುವಾಗ ನಡುಕ. ಜುಲೈನಲ್ಲೂ ಖರ್ದುಂಗ್ ಲಾ ಮೇಲೆ ಹಿಮ ಬೀಳುವುದುಂಟು. ತುದಿ ತಲುಪಿದ ಕೂಡಲೇ ಒಳಗಿನ ಒದ್ದೆ ಬನಿಯನ್ ಬದಲಿಸು, ಗಾಳಿ ತಡೆಯುವ ಜಾಕೆಟ್ಟು, ಬೆರಳೆಲ್ಲ ಮುಚ್ಚುವ ಕೈಗವಸು, ಕಿವಿ ಮುಚ್ಚುವ ಟೋಪಿ ಹೆಲ್ಮೆಟ್ಟಿನೊಳಗೆ. ಎದೆಗೆ ಎರಡು ಮಡಿಕೆ ದಿನಪತ್ರಿಕೆ ಸೇರಿಸಿಕೊಂಡರೂ ಎಷ್ಟೋ ಬೆಚ್ಚಗಾಗುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗುವುದಿಲ್ಲ, ನಿಂತು ಕಂಕುಳಲ್ಲಿ ಬಿಸಿಮಾಡಿಕೊಂಡೇ ಮುಂದೆ ಹೋಗು.

• ಬಿಸಿಲು ಚರ್ಮ ಸುಡುತ್ತದೆ, ತಂಪಾಗಿದೆಯಲ್ಲ ಅಂತ ಮೋಸ ಹೋಗಬೇಡ. ಮೂಗು, ಕಿವಿಯ ತುದಿ, ಕತ್ತಿನ ಹಿಂಭಾಗ, ತುಟಿ ಯಾವುದನ್ನೂ ಬಿಡದೆ ಕ್ರೀಮು ಹಚ್ಚು. ಕಣ್ಣಿನ ಬದಿಯನ್ನೂ ಮುಚ್ಚುವ ತಂಪು ಕನ್ನಡಕ ಬೇಕು.

• ಗಾಡಿಯ ಬಗ್ಗೆ. ನಿನ್ನ ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡ ಹಲ್ಲುಚಕ್ರ ದೊಡ್ಡದಿರಬೇಕು. ಊರಿನಲ್ಲಿ ಎಂದೂ ಬಳಸದ ಆ ಗಿಯರು ಅಲ್ಲಿ ದಿನವಿಡೀ ಬೇಕಾಗುತ್ತದೆ. ಎರಡು ಟ್ಯೂಬು, ಪ್ಯಾಚು, ಕೈಪಂಪು, ಚೈನ್ ಕೊಂಡಿ, ಎರಡು ಜೊತೆ ಬ್ರೇಕ್ ಪ್ಯಾಡು, ನಿನ್ನ ಮಾಡೆಲ್ಲಿಗೇ ಸರಿಹೊಂದುವ ಡಿರೇಲರ್ ಹ್ಯಾಂಗರು ಒಯ್ಯಿ. ಕೊನೆಯದು ಲೇಹ್‌ನಲ್ಲಿ ಹುಡುಕಿದರೆ ಸಿಗುವ ಭರವಸೆ ಇಲ್ಲ. ಹೊಳೆದಂಡೆಯಲ್ಲಿ ತ್ಸೆಸ್ತಲುಲು ಅನ್ನುವ ಮುಳ್ಳುಪೊದೆ ಬೆಳೆಯುತ್ತದೆ, ಹಳದಿ ಹಣ್ಣಿನ ರಸ ಸೊಗಸು, ಮುಳ್ಳು ಟಯರಿಗೆ ಶತ್ರು. ಧೂಳು ವಿಪರೀತ, ಆದ್ದರಿಂದ ಚೈನಿಗೆ ಎಣ್ಣೆ ಕಡಿಮೆ ಹಾಕು, ದಿನಾ ಒರೆಸು.

• ವಿಮಾನಕ್ಕೆ ಕಟ್ಟುವಾಗ ಪೆಡಲ್ ಬಿಚ್ಚು (ಎಡಗಡೆಯದು ಉಲ್ಟಾ ತಿರುಗುತ್ತದೆ, ಗೊತ್ತಲ್ಲ), ಹ್ಯಾಂಡಲ್ ತಿರುಗಿಸು, ಟಯರಿನ ಗಾಳಿ ಇಳಿಸು, ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸು. ಪಾನಾ, ಸ್ಕ್ರೂಡ್ರೈವರು ಎಲ್ಲ ಲಗೇಜಿಗೆ. ಗ್ಯಾಸ್ ತುಂಬಿದ ಗಾಳಿ ಕ್ಯಾಪ್ಸೂಲು ಒಯ್ಯಲೇಬೇಡ.

• ಹಸಿವಾಗದಿದ್ದರೂ ತಿನ್ನು. ಎತ್ತರ ಮೊದಲು ಕಸಿಯುವುದೇ ಹಸಿವನ್ನು. ಹುರಿಗಡಲೆ, ಬೆಲ್ಲ, ಕಡಲೆ ಚಿಕ್ಕಿ ಇಲ್ಲಿಂದಲೇ ಕಟ್ಟಿಕೊಡುತ್ತಾಳೆ ನಿಮ್ಮತ್ತೆ. ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕಿಕೋ. ಅಲ್ಲಿ ಬೆಳಿಗ್ಗೆ ಖಂಬೀರ್ ರೊಟ್ಟಿ ಸಿಗುತ್ತದೆ, ಒಣಗಿಸಿದ ಜರ್ದಾಳು ಸಿಗುತ್ತದೆ, ಎರಡೂ ಜೇಬಿಗೆ ಒಳ್ಳೆಯದು. ಹುರಿದ ಬಾರ್ಲಿಯ ಹಿಟ್ಟನ್ನು ಚಹಾದಲ್ಲಿ ಕಲಸಿ ತಿನ್ನುತ್ತಾರೆ, ನಮ್ಮ ರಾಗಿ ಹುರಿಹಿಟ್ಟಿನ ಹಾಗೆಯೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಉಪ್ಪು ಬೆಣ್ಣೆ ಹಾಕಿದ ಗುರ್‌ಗುರ್ ಚಹಾ ಕೊಟ್ಟರೆ ಬೇಡ ಅನ್ನಬೇಡ; ಬೆವರಿ ಬಂದವರಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಅಕ್ಕಿ ಬೇಳೆ ಬೇಯಲು ಅಲ್ಲಿ ಹೊತ್ತಾಗುತ್ತದೆ, ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಊಟ ತಡವಾದರೆ ಮನೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡ.

• ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ, ಹಿಮ ಸೇರಿದರೂ ಸುಮಾರು 100 ಮಿ.ಮೀ. ಹೊಲ, ಮರ, ಮನೆ ಎಲ್ಲಕ್ಕೂ ಬೆಟ್ಟದ ಹಿಮ ಕರಗಿದ ನೀರೇ ಆಧಾರ. ಸೈಕಲ್ ತೊಳೆಯುವುದಕ್ಕೆ ಪೈಪು ಹಿಡಿಯಬೇಡ, ಬಟ್ಟೆಯಲ್ಲಿ ಒರೆಸು. ಕುಡಿಯುವ ನೀರಿಗೆ ಪ್ಲಾಸ್ಟಿಕ್ ಬಾಟಲಿ ಕೊಳ್ಳಬೇಡ, ಉಳಿದುಕೊಂಡ ಮನೆಯಲ್ಲೇ ಕುದಿಸಿದ ನೀರು ಕೇಳಿ ತುಂಬಿಸಿಕೋ. ಹೊಲದ ಬದುವಿನ ಕಾಲುವೆ ಏರಿಯ ಮೇಲೆ ಸೈಕಲ್ ಓಡಿಸಬೇಡ. ಏರಿ ಒಡೆದರೆ ಒಂದು ಮನೆಯ ಸರದಿಯ ನೀರೇ ಪೋಲಾಗುತ್ತದೆ.

• ಹಿಮ ಕರಗುವ ಹಳ್ಳಗಳು ಬೆಳಿಗ್ಗೆ ಪಾದ ಮುಳುಗುವಷ್ಟಿದ್ದರೆ ಮಧ್ಯಾಹ್ನ ಮೂರಕ್ಕೆ ಮೊಣಕಾಲು ಮೀರುತ್ತವೆ. ಹೊತ್ತಿಗೆ ಮುಂಚೆ ದಾಟು. ಒಣಗಿದಂತೆ ಕಾಣುವ ಹಳ್ಳದ ಪಾತ್ರದಲ್ಲಿ ಡೇರೆ ಹಾಕಬೇಡ. 2010ರ ಆಗಸ್ಟ್‌ನ ಒಂದು ರಾತ್ರಿ ಮೋಡ ಒಡೆದು ಬಂದ ಕೆಸರಿನ ಪ್ರವಾಹ ಚೊಗ್ಲಮ್‌ಸರ್, ಸಾಬೂ ಕಡೆ ಮನೆಗಳನ್ನೂ ಜನರನ್ನೂ ಕೊಚ್ಚಿಕೊಂಡು ಹೋಯಿತು. ಮೋಡ ಕಟ್ಟಿದ ದಿನ ಅಲ್ಲಿನವರು ಬೇಡ ಅಂದರೆ ಬೇಡ.

• ರಸ್ತೆಯಲ್ಲಿ ಸೈನ್ಯದ ಲಾರಿಗಳ ಸಾಲು ಬಂದರೆ ಬೆಟ್ಟದ ಗೋಡೆಯ ಕಡೆಗೆ ಇಳಿದು ನಿಂತುಬಿಡು, ಕಮರಿಯ ಅಂಚಿಗೆ ಎಂದೂ ಸರಿಯಬೇಡ. ಮೊದಲ ಲಾರಿಯ ಹಿಂದೆ ಎಷ್ಟಿವೆಯೋ ಅಷ್ಟೂ ದಾಟಿದ ಮೇಲೆ ಹೊರಡು. ರಸ್ತೆ ಕೆಲಸದವರು ಕಂಡಲ್ಲಿ ನಿಧಾನ ಮಾಡು. ಜಾರ್ಖಂಡ್, ಬಿಹಾರದಿಂದ ಬಂದು 5,000 ಮೀಟರ್ ಮೇಲೆ ಡಾಂಬರಿನ ಹೊಗೆಯಲ್ಲಿ ನಿಂತು ಕಲ್ಲು ಒಡೆಯುವ ಜನ ಅವರು. ನಮ್ಮ ಸವಾರಿಯ ಹಿಂದೆ ಅವರ ಎದೆಯ ಉಸಿರಿದೆ. ಚಿಕ್ಕಿಯ ಪೊಟ್ಟಣ ಒಂದೆರಡು ಹೆಚ್ಚಿಗೆ ಒಯ್ದು ಅವರಿಗೆ ಕೊಡು.

• ಮಂತ್ರ ಕೆತ್ತಿದ ಮಣಿಕಲ್ಲಿನ ಗೋಡೆ, ಚೋರ್ತೆನ್ ಅನ್ನುವ ಸ್ತೂಪ ಎದುರಾದರೆ ಅದು ನಿನ್ನ ಬಲಕ್ಕೆ ಬರುವಂತೆ ಹೋಗು. ದಾರಿ ಕವಲಾಗಿ ಎರಡೂ ಕಡೆ ಬಿಟ್ಟಿರುತ್ತಾರೆ, ಗಮನಿಸಿದರೆ ಸಾಕು. ಎದುರು ಸಿಕ್ಕವರಿಗೆಲ್ಲ "ಜುಲ್ಲೆ" ಅನ್ನು, ಚಿಕ್ಕ ಮಕ್ಕಳಿಗೂ.

• ಲೇಹ್ ಸುತ್ತಮುತ್ತ ಬೀದಿನಾಯಿಗಳ ಗುಂಪು ದೊಡ್ಡ ತೊಂದರೆ, ಮುಖ್ಯವಾಗಿ ಕತ್ತಲಲ್ಲಿ. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡ; ಇಳಿದು ಸೈಕಲ್ಲನ್ನು ಅಡ್ಡ ಇಟ್ಟುಕೊಂಡು ನಡೆ. ರೇಬಿಸ್ ಚುಚ್ಚುಮದ್ದನ್ನು ಮೊದಲೇ ಹಾಕಿಸಿಕೊಳ್ಳುವ ಬಗ್ಗೆ ಅದೇ ಡಾಕ್ಟರನ್ನು ಕೇಳು.

• ಮರಗಿಡ ಕಡಿಮೆಯಿರುವ ನಾಡು, ಹೆಣ್ಣುಮಕ್ಕಳಿಗೆ ಮರೆಯ ಕಷ್ಟ. ಆ ಕಾರಣಕ್ಕೆ ನೀರು ಕುಡಿಯುವುದನ್ನು ಕಡಿಮೆ ಮಾಡಿಬಿಡುತ್ತಾರೆ, ಅದರಿಂದಲೇ ತಲೆನೋವು ಶುರು. ಹಳ್ಳಿ ಮನೆಗಳಲ್ಲಿ ಸಂಕೋಚ ಬಿಟ್ಟು ಕೇಳಿ. ಮಣ್ಣು ಹಾಕುವ ಒಣ ಪಾಯಿಖಾನೆ ಇರುತ್ತದೆ, ಮೇಲೆ ಒಂದು ಸಲಿಕೆ ಮಣ್ಣು ಹಾಕಿ ಬಂದರಾಯಿತು, ನೀರು ಹುಯ್ಯಬಾರದು.

• ವಾರಿ ಲಾ, ನೂಬ್ರಾ, ಪಾಂಗಾಂಗ್ ಈ ಸಲ ಬೇಡ. ನೂಬ್ರಾ, ಪಾಂಗಾಂಗ್‌ಗೆ ಪರವಾನಗಿ, ಶುಲ್ಕದ ನಿಯಮಗಳಿವೆ, ಆಗಾಗ ಬದಲಾಗುತ್ತವೆ. ಆ ದಾರಿಗಳಿಗೆ ಇನ್ನೂ ಎರಡು ವಾರ ಬೇಕು. ಮುಂದಿನ ವರ್ಷ ರಜೆ ಕೂಡಿಸಿಕೋ.

• ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಮೂವರಲ್ಲಿ ಇಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಪೇಟೆ ಬಿಟ್ಟ ಮೇಲೆ ಸಿಗ್ನಲ್ ಅಲ್ಲಲ್ಲಿ ಮಾತ್ರ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಅಂತ ಉಳಿದುಕೊಂಡ ಮನೆಯ ಯಜಮಾನಿಗೆ ಚೀಟಿ ಬರೆದುಕೊಟ್ಟು ಹೊರಡು. ನಿಮ್ಮಮ್ಮನಿಗೆ ಸಂಜೆಯೊಂದು ಸಂದೇಶ.

• ಈ ಭಾನುವಾರ ಸೈಕಲ್ ತೆಗೆದುಕೊಂಡು ಮನೆಗೆ ಬಾ. ಹಿಂದಿನ ಬ್ರೇಕ್ ಪ್ಯಾಡು ಹೋದ ಸಲವೇ ಸವೆದಿತ್ತು, ಬದಲಿಸೋಣ. ಹ್ಯಾಂಗರು ನಿನ್ನ ಮಾಡೆಲ್ಲಿಗೆ ಯಾವುದು ಅಂತ ಅಂಗಡಿಯಲ್ಲಿ ಕೇಳಿಟ್ಟಿದ್ದೇನೆ, ಫ್ರೇಮಿನ ನಂಬರು ಬರೆದುಕೊಂಡು ಬಾ. ಪೆಟ್ಟಿಗೆ ಕಟ್ಟುವುದನ್ನು ಒಂದು ಸಲ ನಾನು ತೋರಿಸುತ್ತೇನೆ, ಆಮೇಲೆ ಬಿಚ್ಚಿ ನೀನೇ ಒಂದು ಸಲ ಕಟ್ಟಬೇಕು. ವಾಪಸು ಬರುವಾಗ ನಾನಿರುವುದಿಲ್ಲವಲ್ಲ.